ಭಾರ ಬೆನ್ನಿಗಲ್ಲ, ತೊಡೆಗೆ ಕೊಡಿ!

ಫರಂಗಿಪೇಟೆಯ ಗೋಣಿಗೂ ಉಜಿರೆಯ ಕಬ್ಬಿಣಕ್ಕೂ ಪಾಠ ಒಂದೇ

ಬೆಳಿಗ್ಗೆ ಫರಂಗಿಪೇಟೆಯಲ್ಲಿ ಬಸ್ಸಿಗೆ ಕಾಯುವವರಿಗೆ ಇದು ಹೊಸ ನೋಟವೇನಲ್ಲ. ಅಂಗಡಿಯ ಎದುರು ಅಕ್ಕಿ ಲಾರಿ ಬಂದು ನಿಲ್ಲುತ್ತದೆ. ಹಿಂದಿನ ಹಲಗೆ ಬೀಳುತ್ತದೆ. ಒಬ್ಬ ಲುಂಗಿ ಮೇಲೆತ್ತಿ ಕಟ್ಟಿ, ತಲೆಗೆ ಬೈರಾಸು ಸುತ್ತಿ, ಲಾರಿಗೆ ಬೆನ್ನು ಕೊಟ್ಟು ನಿಲ್ಲುತ್ತಾನೆ. ಮೇಲಿದ್ದವ 50 ಕಿಲೋದ ಗೋಣಿಯನ್ನು ಜಾರಿಸಿ ಅವನ ಹೆಗಲಿಗೆ ಕೂರಿಸುತ್ತಾನೆ. ಹೊತ್ತವ ಅಂಗಡಿಯೊಳಗೆ ಓಡುನಡಿಗೆಯಲ್ಲಿ ಹೋಗಿ ಧೊಪ್ಪೆಂದು ಇಳಿಸಿ ಬರುತ್ತಾನೆ. ಹೀಗೆ ಹತ್ತು, ಇಪ್ಪತ್ತು, ಮೂವತ್ತು ಸಲ. ಅವನಿಗೆ ಏನೂ ಆಗುವುದಿಲ್ಲ.

ಮಧ್ಯಾಹ್ನ ಅಂಗಡಿ ಯಜಮಾನರು ಅದೇ ಗೋಣಿಯನ್ನು ಎರಡಡಿ ಈಚೆಗೆ ಸರಿಸಲು ಹೋಗುತ್ತಾರೆ. ಕಾಲು ನೆಟ್ಟಗೆ, ಸೊಂಟ ಡೊಂಕು, ಎರಡೂ ಕೈಯಲ್ಲಿ ಗೋಣಿಯ ಕಿವಿ. ಒಂದು ಎಳೆತ. "ಕಟಕ್!" ಅಲ್ಲಿಂದ ಮೂರು ವಾರ ಗಲ್ಲೆಯ ಎದುರು ಕೂತವರು ಬೇರೆಯವರು.

ಮೂವತ್ತು ಗೋಣಿ ಹೊತ್ತವನಿಗೆ ಆಗದ್ದು ಒಂದೇ ಗೋಣಿ ಎಳೆದವರಿಗೆ ಯಾಕೆ ಆಯಿತು? ವಯಸ್ಸು ಉಂಟು, ಅಭ್ಯಾಸ ಇಲ್ಲದ್ದು ಉಂಟು. ಆದರೆ ದೊಡ್ಡ ಕಾರಣ ಬೇರೆ. ಒಬ್ಬನಿಗೆ ಭಾರ ಹೆಗಲ ಎತ್ತರದಲ್ಲಿ ಸಿಕ್ಕಿತು. ಇನ್ನೊಬ್ಬರು ಅದನ್ನು ನೆಲದಿಂದ ಕಿತ್ತರು. ಈ ಒಂದು ವ್ಯತ್ಯಾಸದಲ್ಲೇ ಇಡೀ ಕಥೆ ಅಡಗಿದೆ.

ಮೇಷ್ಟ್ರು ಕೊಟ್ಟ ಶಿಕ್ಷೆ

ಈಗ ಬಿ.ಸಿ.ರೋಡಿನಿಂದ ಮಂಗಳೂರಿನವರೆಗೆ ಜಿಮ್ಮುಗಳಿಗೆ ಬರಗಾಲವಿಲ್ಲ. ಸಂಜೆ ಬಸ್ಸಿಳಿದ ಹುಡುಗರು ಬ್ಯಾಗು ಹೆಗಲಿಗೇರಿಸಿ ನೇರ ಅಲ್ಲಿಗೇ ನಡೆಯುತ್ತಾರೆ. ಅವರ ಬಾಯಲ್ಲಿ ಒಂದು ಶಬ್ದ: ಸ್ಕ್ವಾಟ್. ಹೆಗಲ ಮೇಲೆ ಕಬ್ಬಿಣದ ಸರಳು ಹೊತ್ತು ಕೂರುವುದು, ಏಳುವುದು. ಇದೇನು ಫಾರಿನ್ ಸರಕೇ? ಅಲ್ಲವೇ ಅಲ್ಲ. ಮಗ್ಗಿ ತಪ್ಪಿದಾಗ ಮೇಷ್ಟ್ರು ಕಿವಿ ಹಿಡಿಸಿ ಹೊಡೆಸುತ್ತಿದ್ದ ಬಸ್ಕಿಯೇ ಅದು. ಪೈಲ್ವಾನರು ಗರಡಿಮನೆಯಲ್ಲಿ ದಂಡದ ಜೊತೆ ಹೊಡೆಯುತ್ತಿದ್ದದ್ದೂ ಇದನ್ನೇ. ಕೋಟಿ ಚೆನ್ನಯರ ಗರಡಿಗಳಿರುವ ಈ ಜಿಲ್ಲೆಯವರಿಗೆ ಮೈ ಹುರಿಗೊಳಿಸುವ ಮಾತು ಪರಕೀಯವಲ್ಲ.

ಕುಕ್ಕರುಗಾಲಿನಲ್ಲಿ ಕೂರುವುದಂತೂ ನಮಗೆ ಹುಟ್ಟಿನಿಂದ ಬಂದದ್ದು. ಗದ್ದೆಯ ಬದುವಿನಲ್ಲಿ ಕೂತು ಎಲೆಯಡಿಕೆ ಹಾಕುವ ಅಜ್ಜ, ಮೀನಿನ ಬುಟ್ಟಿಯ ಎದುರು ಕೂತು ವ್ಯಾಪಾರ ಮಾಡುವ ಅಕ್ಕ, ಇವರೆಲ್ಲ ಹಿಮ್ಮಡಿ ನೆಲಕ್ಕೆ ಊರಿ ಕೂತವರು. ಈಗ ಕುರ್ಚಿ ಬಂತು, ಬೈಕು ಬಂತು, ಕೂರುವ ಕಕ್ಕಸು ಬಂತು. ಇಪ್ಪತ್ತೈದರ ಯುವಕನಿಗೆ ಕುಕ್ಕರುಗಾಲಿನಲ್ಲಿ ಕೂರಲು ಹೇಳಿದರೆ ಹಿಮ್ಮಡಿ ಮೇಲೇಳುತ್ತದೆ, ಹಿಂದಕ್ಕೆ ಬೀಳುತ್ತಾನೆ. ಬರಿಮೈಯಲ್ಲಿ ಕೂರಲು ಬಾರದವ ಹೆಗಲಿಗೆ 80 ಕಿಲೋ ಹೇರಿಕೊಂಡರೆ ಆಗುವ ಕಥೆ ಎಂತ?

ಉಜಿರೆಯಲ್ಲಿ ಕಲಿತವ

ಕೂರಲು ಕಲಿತವ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಸಾಕ್ಷಿ ದೂರ ಹುಡುಕಬೇಕಾಗಿಲ್ಲ. ಕುಂದಾಪುರ ತಾಲೂಕಿನ ವಂಡ್ಸೆ ಕಡೆಯ ಗುರುರಾಜ ಪೂಜಾರಿ ಲಾರಿ ಚಾಲಕರ ಮಗ. 2008ರ ಒಲಿಂಪಿಕ್ಸ್‌ನಲ್ಲಿ ಸುಶೀಲ್ ಕುಮಾರ್ ಕಂಚು ಗೆದ್ದದ್ದು ನೋಡಿ ಕುಸ್ತಿಯ ಹುಚ್ಚು ಹತ್ತಿಸಿಕೊಂಡವರು. ಬೆಳ್ತಂಗಡಿ ತಾಲೂಕಿನ ಉಜಿರೆಯ ಎಸ್‌ಡಿಎಂ ಕಾಲೇಜಿಗೆ ಬಂದ ಮೇಲೆ ತರಬೇತುದಾರ ರಾಜೇಂದ್ರ ಪ್ರಸಾದ್ ಇವರ ಕೈಗೆ ಕಬ್ಬಿಣ ಕೊಟ್ಟರು. ಆಮೇಲೆ ವಾಯುಪಡೆಯ ಕೆಲಸ. 2018ರ ಏಪ್ರಿಲ್ 5ರಂದು ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್‌ನಲ್ಲಿ ನಡೆದ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕಿಲೋ ವಿಭಾಗದ ಬೆಳ್ಳಿ. ಆ ಕೂಟದಲ್ಲಿ ಭಾರತಕ್ಕೆ ಬಂದ ಮೊದಲ ಪದಕವೇ ಅದು. ಸ್ನ್ಯಾಚ್‌ನಲ್ಲಿ 111, ಕ್ಲೀನ್ ಅಂಡ್ ಜರ್ಕ್‌ನಲ್ಲಿ 138, ಒಟ್ಟು 249 ಕಿಲೋ. 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ 61 ಕಿಲೋ ವಿಭಾಗದಲ್ಲಿ 118 ಮತ್ತು 151, ಒಟ್ಟು 269 ಕಿಲೋ ಎತ್ತಿ ಕಂಚು.

56 ಕಿಲೋದ ಆಸಾಮಿ 138 ಕಿಲೋ ಎತ್ತುವುದೆಂದರೆ ಎರಡು ಮುಕ್ಕಾಲು ಅಕ್ಕಿ ಗೋಣಿಯನ್ನು ತಲೆಯ ಮೇಲೆ ಹಿಡಿದು ನಿಂತ ಹಾಗೆ. ಇದು ಬರೇ ತೋಳಿನ ಬಲ ಎಂದು ತಿಳಿದವರು ಟಿವಿಯಲ್ಲಿ ಇನ್ನೊಮ್ಮೆ ಸರಿಯಾಗಿ ನೋಡಬೇಕು. ಸರಳನ್ನು ಕಾಲಿನ ಬಲದಿಂದ ಸೊಂಟದ ಮೇಲಕ್ಕೆ ಚಿಮ್ಮಿಸುತ್ತಾರೆ. ಅದು ಮೇಲೆ ಹೋಗುವ ಅರೆಕ್ಷಣದಲ್ಲಿ ತಾವೇ ಅದರ ಅಡಿಗೆ ನುಗ್ಗಿ ಪೂರ್ತಿ ಕುಕ್ಕರುಗಾಲಿನಲ್ಲಿ ಕೂತುಬಿಡುತ್ತಾರೆ. ಆಮೇಲೆ ಏಳುವುದು. ಅಂದರೆ ಅರ್ಧ ಆಟ ಬಸ್ಕಿಯದ್ದೇ. ಕೂರಲು ಬಾರದವನಿಗೆ ಪದಕವೂ ಇಲ್ಲ.

ಇದು ಗಂಡಸರ ಆಟ ಎನ್ನುವವರಿಗೆ ಒಂದೇ ಮಾತು. ಒಲಿಂಪಿಕ್ಸ್‌ನಲ್ಲಿ ಪದಕ ಗೆದ್ದ ಭಾರತದ ಮೊದಲ ಮಹಿಳೆ ಕರ್ಣಂ ಮಲ್ಲೇಶ್ವರಿ ಗೆದ್ದದ್ದು ಭಾರ ಎತ್ತಿ. 2000ರಲ್ಲಿ, ಸಿಡ್ನಿಯಲ್ಲಿ, ಒಟ್ಟು 240 ಕಿಲೋ!

ತಕ್ಕಡಿ ಲೆಕ್ಕ

ಬೆನ್ನಿಗೂ ಕಾಲಿಗೂ ಏನು ವ್ಯತ್ಯಾಸ ಎನ್ನುವುದು ಅಂಗಡಿಯವರಿಗೆ ಬೇಗ ಅರ್ಥವಾಗುತ್ತದೆ. ತಕ್ಕಡಿಯ ಒಂದು ಕೈ ಉದ್ದ, ಇನ್ನೊಂದು ಗಿಡ್ಡ ಇದ್ದರೆ ಗಿಡ್ಡ ಕೈಗೆ ಹೆಚ್ಚು ತೂಕ ಹಾಕಬೇಕಷ್ಟೆ? ಸೊಂಟವೂ ಹಾಗೆಯೇ. ಬೆನ್ನುಮೂಳೆಯ ಎಲುಬುಗಳ ನಡುವೆ ಮೆತ್ತನೆಯ ಬಿಲ್ಲೆಗಳುಂಟು. ಡಾಕ್ಟರರು ಡಿಸ್ಕ್ ಎನ್ನುತ್ತಾರೆ. ತಕ್ಕಡಿಯ ನಡುಮೊಳೆ ಅದೇ. ಅದರ ಹಿಂದೆ ಸುಮಾರು 5 ಸೆಂಟಿಮೀಟರ್ ದೂರದಲ್ಲಿ ಬೆನ್ನಿನ ಸ್ನಾಯು ಎಳೆಯುತ್ತದೆ. ಇದು ಗಿಡ್ಡ ಕೈ. ಮುಂದೆ ನೀವು ಹಿಡಿದ ಗೋಣಿ ಇರುವುದು ಉದ್ದ ಕೈಯಲ್ಲಿ.

ಬಾಗಿ ನಿಂತು 50 ಕಿಲೋದ ಗೋಣಿಯನ್ನು ಸೊಂಟದಿಂದ 50 ಸೆಂಟಿಮೀಟರ್ ದೂರ ಹಿಡಿದರೆ ಬೆನ್ನಿನ ಸ್ನಾಯು ಸುಮಾರು 500 ಕಿಲೋದಷ್ಟು ಎಳೆಯಬೇಕು. ಅದೇ ಗೋಣಿಯನ್ನು ಮೈಗೆ ತಬ್ಬಿ 25 ಸೆಂಟಿಮೀಟರಿಗೆ ತಂದರೆ 250 ಸಾಕು. ನಿಮ್ಮ ಮೇಲುಮೈಯ ತೂಕದ ಲೆಕ್ಕ ಇದರಲ್ಲಿ ಸೇರಿಲ್ಲ, ಅದು ಬೇರೆ. ಗೋಣಿಯಿಂದ ಒಂದು ಕಾಳು ತೆಗೆಯದೆ ಭಾರ ಅರ್ಧ ಆಯಿತು! 1960ರ ದಶಕದಲ್ಲಿ ಸ್ವೀಡನ್ನಿನ ವೈದ್ಯ ಆಲ್ಫ್ ನಾಕೆಮ್ಸನ್ ಬದುಕಿರುವ ಮನುಷ್ಯರ ಡಿಸ್ಕಿಗೇ ಸೂಜಿ ಇಳಿಸಿ ಒತ್ತಡ ಅಳೆದರು. ನೆಟ್ಟಗೆ ನಿಂತಾಗಿನ ಒತ್ತಡಕ್ಕಿಂತ ಬಾಗಿ ಭಾರ ಹಿಡಿದಾಗಿನ ಒತ್ತಡ ಬಹಳ ಹೆಚ್ಚು ಎಂದು ಕಂಡುಕೊಂಡರು.

ಕೂರುವುದು ಹೇಗೆ?

ಹೆಗಲ ಮೇಲೆ ಸರಳು ಹೊತ್ತು ಬಸ್ಕಿ ಹೊಡೆಯುವವರಿಗೆ ಬಲ್ಲವರು ಹೇಳುವ ಕ್ರಮ ಇದು.

ಸರಳು ಕುತ್ತಿಗೆಯ ಎಲುಬಿನ ಮೇಲೆ ಕೂರಬಾರದು. ಹೆಗಲೆಲುಬುಗಳನ್ನು ಹಿಂದಕ್ಕೆ ಸೇರಿಸಿದಾಗ ಬೆನ್ನಿನ ಮೇಲ್ಭಾಗದಲ್ಲಿ ಮಾಂಸದ ಒಂದು ದಿಂಬು ಏಳುತ್ತದೆ. ಜಾಗ ಅದು. ಪಾದಗಳು ಭುಜದಷ್ಟು ಅಗಲ, ಬೇಕಾದರೆ ಸ್ವಲ್ಪ ಹೆಚ್ಚು. ಹೆಬ್ಬೆರಳುಗಳು ತುಸು ಹೊರಕ್ಕೆ. ಹೊಟ್ಟೆ ತುಂಬ ಉಸಿರು ಎಳೆದು, ಯಾರೋ ಗುದ್ದುತ್ತಾರೆ ಎಂದಾಗ ಬಿಗಿಹಿಡಿದ ಹಾಗೆ ಹಿಡಿಯಬೇಕು. ಆ ಗಾಳಿಯೇ ಒಳಗಿನ ಕಂಬ. ರಕ್ತದ ಒತ್ತಡ, ಹೃದಯದ ತೊಂದರೆ ಇದ್ದವರು ಮಾತ್ರ ಡಾಕ್ಟರರನ್ನು ಕೇಳದೆ ಹೀಗೆ ಉಸಿರು ಕಟ್ಟಬಾರದು.

ಸೊಂಟ ಮತ್ತು ಮೊಣಕಾಲು ಒಟ್ಟಿಗೇ ಮಡಚಬೇಕು. ಮೊಣಕಾಲು ಹೆಬ್ಬೆರಳು ನೋಡಿದ ದಿಕ್ಕಿಗೇ ಹೋಗಬೇಕು. ಒಂದಕ್ಕೊಂದು ಮುತ್ತಿಟ್ಟರೆ ಕೆಟ್ಟಿತು. ಹಿಮ್ಮಡಿ ನೆಲ ಬಿಡಬಾರದು. ಬೆನ್ನು ಗೂನಾಗಬಾರದು. ಏಳುವಾಗ ಎದೆ ಮತ್ತು ಸೊಂಟ ಒಟ್ಟಿಗೇ ಮೇಲೆ ಬರಬೇಕು. ಸೊಂಟ ಮೊದಲು ಎದ್ದು ತಲೆ ಕೆಳಗೆ ಉಳಿದರೆ ಅದು ಬಸ್ಕಿಯಲ್ಲ, ಭಾರ ಹೊತ್ತು ಮಾಡುವ ನಮಸ್ಕಾರ. ಆ ಕ್ಷಣವೇ ಭಾರವೆಲ್ಲ ತೊಡೆಯಿಂದ ಬೆನ್ನಿಗೆ ವರ್ಗವಾಗುತ್ತದೆ.

ಪವರ್‌ಲಿಫ್ಟಿಂಗ್ ಪಂದ್ಯದಲ್ಲಿ ಎಷ್ಟು ಕೂತರೆ ಒಪ್ಪಿಗೆ? ತೊಡೆ ಸೊಂಟಕ್ಕೆ ಸೇರುವ ಮಡಿಕೆ ಮೊಣಕಾಲಿನ ಮೇಲ್ತುದಿಗಿಂತ ಕೆಳಗೆ ಇಳಿಯಬೇಕು. ಅರ್ಧ ಕೂತು ಎದ್ದವನಿಗೆ ತೀರ್ಪುಗಾರರು ಕೆಂಪು ದೀಪ ತೋರಿಸುತ್ತಾರೆ. ಜಿಮ್ಮಿನಲ್ಲಿ ಕೆಂಪು ದೀಪ ಇಲ್ಲ. ಅದಕ್ಕೇ 100 ಕಿಲೋ ಹೇರಿ ಕಾಲು ಬಸ್ಕಿ ಹೊಡೆದು ಮೊಬೈಲಿನಲ್ಲಿ ಚಿತ್ರ ಹಿಡಿಸುವ ಶೂರರು ಹೆಚ್ಚಾದದ್ದು.

ಕಾಲಿಗೆ ಗಟ್ಟಿ ತಳದ ಬೂಟು ಬೇಕು. ಹವಾಯಿ ಚಪ್ಪಲಿಯಲ್ಲಿ ಆಗ್ಲಿಕ್ಕಿಲ್ಲ. ಓಟದ ಮೆತ್ತನೆ ಬೂಟು ಕೂಡ ಭಾರದಡಿಯಲ್ಲಿ ಅಲುಗಾಡುತ್ತದೆ. ಮೊದಲ ತಿಂಗಳು ಬರಿಮೈ ಬಸ್ಕಿ, ಆಮೇಲೆ ಬರೇ ಸರಳು. ವೇಟ್‌ಲಿಫ್ಟಿಂಗ್ ಪಂದ್ಯದ ಸರಳು ಗಂಡಸರದ್ದು 20 ಕಿಲೋ, ಹೆಂಗಸರದ್ದು 15 ಕಿಲೋ ಇರುತ್ತದೆ. ಅಷ್ಟರಲ್ಲೇ ಕಲಿಯುವುದು ಬೇಕಾದಷ್ಟು ಉಂಟು.

ಮೊಣಕಾಲು ಹಾಳಾಗ್ತದಾ?

ಪೂರ್ತಿ ಕೂತರೆ ಮೊಣಕಾಲು ಸವೆಯುತ್ತದೆ ಎಂದು ಹೇಳುವವರು ಪ್ರತಿ ಬಸ್ಸಿನಲ್ಲೂ ಒಬ್ಬರು ಸಿಗುತ್ತಾರೆ. ಈ ಮಾತಿಗೂ ಒಂದು ಮೂಲ ಉಂಟು. 1961ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಕಾರ್ಲ್ ಕ್ಲೈನ್ ಎಂಬವರು ಆಳದ ಬಸ್ಕಿಯಿಂದ ಮೊಣಕಾಲಿನ ಕಟ್ಟುಗಳು ಸಡಿಲವಾಗುತ್ತವೆ ಎಂದು ಬರೆದರು. ಸುದ್ದಿ ಊರೆಲ್ಲ ಹಬ್ಬಿತು. ಮುಂದೆ ಬೇರೆಯವರು ಪರೀಕ್ಷಿಸಿದಾಗ ಅದು ನಿಲ್ಲಲಿಲ್ಲ. ಆದರೆ ಸುದ್ದಿ ಹಬ್ಬುವ ವೇಗದಲ್ಲಿ ತಿದ್ದುಪಡಿ ಹಬ್ಬುವುದುಂಟೇ?

ಮೊಣಕಾಲು ಹೆಬ್ಬೆರಳು ದಾಟಲೇಬಾರದು ಎನ್ನುವುದೂ ಇಂಥದ್ದೇ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬಸ್ಕಿ ಹೊಡೆಯುವವರ ಮೊಣಕಾಲು ಮುಂದೆ ಹೋಗದಂತೆ ಹಲಗೆ ಅಡ್ಡ ಇಟ್ಟು ನೋಡಿದರು. ಮೊಣಕಾಲಿನ ಹೊರೆ ಸ್ವಲ್ಪ ಇಳಿಯಿತು ನಿಜ. ಸೊಂಟದ ಕೀಲಿನ ಹೊರೆ ವಿಪರೀತ ಏರಿತು. ಒಂದು ಕಡೆ ಉಳಿಸಲು ಹೋಗಿ ಇನ್ನೊಂದು ಕಡೆ ಸಾಲ! ಆಗಲೇ ಮೊಣಕಾಲು ನೋವು ಇರುವವರ ಸಂಗತಿ ಬೇರೆ. ಅವರು ನೋವು ಬಾರದಷ್ಟೇ ಕೂರಬೇಕು.

ಬಿಕಾನೇರಿನ ದುರಂತ

2025ರ ಫೆಬ್ರವರಿಯಲ್ಲಿ ರಾಜಸ್ಥಾನದ ಬಿಕಾನೇರಿನಿಂದ ಬಂದ ಸುದ್ದಿ ಓದಿದವರು ಮರೆತಿರಲಿಕ್ಕಿಲ್ಲ. ರಾಷ್ಟ್ರಮಟ್ಟದಲ್ಲಿ ಚಿನ್ನ ಗೆದ್ದಿದ್ದ 17 ವರ್ಷದ ಪವರ್‌ಲಿಫ್ಟರ್ ಹುಡುಗಿ. ಅಭ್ಯಾಸದಲ್ಲಿ 270 ಕಿಲೋದ ಬಸ್ಕಿಗೆ ಇಳಿದಳು. ಹಿಡಿತ ತಪ್ಪಿತು, ಸರಳು ಕುತ್ತಿಗೆಯ ಮೇಲೆ ಬಿತ್ತು. ಜೀವ ಉಳಿಯಲಿಲ್ಲ. ಅನುಭವ ಇಲ್ಲದವಳಲ್ಲ ಆಕೆ. ಜೊತೆಗೆ ತರಬೇತುದಾರರೂ ಇದ್ದರು.

ಇದರಿಂದ ಹೆದರಿ ಮನೆಯಲ್ಲಿ ಕೂರಬೇಕಾಗಿಲ್ಲ. ಆದರೆ ಪ್ರತಿ ಜಿಮ್ಮಿನಲ್ಲೂ ನೋಡಬೇಕಾದ ಸಂಗತಿಗಳುಂಟು. ಬಸ್ಕಿಯ ಚೌಕಟ್ಟಿನಲ್ಲಿ ಎರಡೂ ಬದಿಗೆ ಅಡ್ಡ ಸಲಾಕೆ ಇರಬೇಕು. ಪೂರ್ತಿ ಕೂತಾಗ ಸರಳು ಇರುವ ಎತ್ತರಕ್ಕಿಂತ ಸ್ವಲ್ಪ ಕೆಳಗೆ ಅದನ್ನು ಸಿಕ್ಕಿಸಬೇಕು. ಮನುಷ್ಯ ಸೋತರೆ ಕಬ್ಬಿಣ ಹಿಡಿಯುತ್ತದೆ. ದೊಡ್ಡ ಭಾರಕ್ಕೆ ಎಡಕ್ಕೊಬ್ಬ, ಬಲಕ್ಕೊಬ್ಬ ನಿಲ್ಲಬೇಕು. ಹಿಂದೆ ಒಬ್ಬನೇ ನಿಂತರೆ ಅಷ್ಟು ಭಾರ ಅವನ ಕೈಗೂ ನಿಲ್ಲುವುದಿಲ್ಲ. ಹುಡುಗರನ್ನು ಜಿಮ್ಮಿಗೆ ಸೇರಿಸುವ ತಂದೆ ತಾಯಂದಿರು ಫೀಸು ಎಷ್ಟೆಂದು ಕೇಳುತ್ತಾರೆ. ಸಲಾಕೆ ಉಂಟಾ ಎಂದೂ ಒಮ್ಮೆ ಕೇಳಲಿ.

ಗೋಣಿಗೆ ಹಿಡಿ ಇಲ್ಲ

ಇನ್ನು ಪೇಟೆಗೆ ಬರೋಣ. ಸರಳಿಗೆ ಹಿಡಿ ಉಂಟು, ಸಮತೂಕ ಉಂಟು. ಗೋಣಿಗೆ ಎರಡೂ ಇಲ್ಲ. ಅದು ಒಳಗೊಳಗೇ ಜಾರುತ್ತದೆ. ಹಾಗಾಗಿ ಬಸ್ಕಿಯ ಪಾಠವನ್ನು ಇಲ್ಲಿ ಕೊಂಚ ಬದಲಿಸಬೇಕು. ಮೊದಲು ಗೋಣಿಯನ್ನು ನಿಲ್ಲಿಸಿ. ಒಂದು ಕಾಲು ಮುಂದೆ, ಒಂದು ಹಿಂದೆ ಇಟ್ಟು ಗೋಣಿಯ ಮಗ್ಗುಲಿಗೇ ಕೂರಿ. ಮಗುವನ್ನು ಎತ್ತಿಕೊಳ್ಳುವ ಹಾಗೆ ಎದೆಗೆ ತಬ್ಬಿ. ಮೊದಲು ತೊಡೆಯ ಮೇಲೆ ತನ್ನಿ. ಅಲ್ಲೊಂದು ಉಸಿರು. ಆಮೇಲೆ ಕಾಲಿನ ಬಲದಲ್ಲಿ ಏಳಿ. ತಿರುಗುವಾಗ ಸೊಂಟ ತಿರುಚಬೇಡಿ, ಪಾದ ತಿರುಗಿಸಿ. ಡೊಂಕಾಗಿ ತಿರುಚಿ ಎತ್ತುವುದೇ ಎಲ್ಲಕ್ಕಿಂತ ಕೆಟ್ಟದ್ದು. ತುಂಬಿದ ಅಡುಗೆ ಗ್ಯಾಸ್ ಸಿಲಿಂಡರ್ ಕೂಡ ಸುಮಾರು 30 ಕಿಲೋ. ಅದಕ್ಕೂ ಇದೇ ಮಾತು.

ಬೆಳಿಗ್ಗೆ ಎದ್ದ ಕೂಡಲೇ ಭಾರಕ್ಕೆ ಕೈ ಹಾಕಬೇಡಿ. ರಾತ್ರಿ ಮಲಗಿದಾಗ ಡಿಸ್ಕುಗಳು ನೀರು ಹೀರಿ ಉಬ್ಬಿರುತ್ತವೆ, ಬಾಗಿದರೆ ಬಿಗಿತ ಹೆಚ್ಚು. ಬೆಂಗಳೂರಿನ ರಾತ್ರಿ ಬಸ್ಸಿನಲ್ಲಿ ಮುದುಡಿ ಕೂತು ಬಂದವರು ಇಳಿದ ಕ್ಷಣವೇ ಡಿಕ್ಕಿಯೊಳಗೆ ಬಾಗಿ ಪೆಟ್ಟಿಗೆ ಎಳೆಯುವುದೂ ಒಳ್ಳೆಯದಲ್ಲ. ನಾಲ್ಕು ಹೆಜ್ಜೆ ನಡೆದು ಆಮೇಲೆ ಎತ್ತಿದರೆ ನಷ್ಟವೇನೂ ಇಲ್ಲ.

ಎತ್ತುವಾಗ ಉಳುಕಿದರೆ ಹೆಚ್ಚಿನವು ಕೆಲವು ವಾರದಲ್ಲಿ ತಾವಾಗಿ ಗುಣವಾಗುತ್ತವೆ. ಆದರೆ ನೋವು ಕಾಲಿನುದ್ದಕ್ಕೂ ಇಳಿದು ಪಾದದಲ್ಲಿ ಬಲ ಕುಂದಿದರೆ ಡಾಕ್ಟರರಲ್ಲಿಗೆ ಹೋಗಲೇಬೇಕು. ತೊಡೆಸಂದಿ ಮರಗಟ್ಟಿದರೆ, ಮೂತ್ರದ ಹಿಡಿತ ತಪ್ಪಿದರೆ ಎಣ್ಣೆ ತಿಕ್ಕಿಸುತ್ತ ಕೂರಬೇಡಿ. ಅದೇ ದಿನ ಆಸ್ಪತ್ರೆಗೆ.

ಬರೇ ಉಪದೇಶ ಸಾಲದು

ಇಷ್ಟು ಹೇಳಿ, ಹೊರುವವನೇ ಸರಿಯಾಗಿ ಕಲಿಯಲಿ ಎಂದು ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಸತ್ಯ ಅಷ್ಟು ಸುಲಭವಲ್ಲ. ಕೆಲಸಗಾರರಿಗೆ ಭಾರ ಎತ್ತುವ ಪಾಠ ಮಾಡಿದ್ದರಿಂದ ಬೆನ್ನುನೋವು ಕಡಿಮೆಯಾಯಿತೇ ಎಂದು ಹಲವು ಅಧ್ಯಯನಗಳನ್ನು ಒಟ್ಟುಹಾಕಿ ನೋಡಿದ ಕಾಕ್ರೇನ್ ಸಂಸ್ಥೆಯ 2011ರ ವಿಮರ್ಶೆ, ಪಾಠವೊಂದರಿಂದಲೇ ಕಡಿಮೆಯಾದದ್ದಕ್ಕೆ ಸಾಕ್ಷಿ ಸಿಗಲಿಲ್ಲ ಎಂದಿತು. ಯಾಕೆ? ಮೊದಲ ಗೋಣಿಗೆ ಪಾಠ ನೆನಪಿರುತ್ತದೆ. ನಲವತ್ತನೆಯ ಗೋಣಿಗೆ ತೊಡೆ ಸೋತಿರುತ್ತದೆ, ಸೋತ ತೊಡೆ ಕೆಲಸವನ್ನು ಬೆನ್ನಿಗೆ ದಾಟಿಸುತ್ತದೆ. ಜಿಮ್ಮಿನ ಹುಡುಗ ಐದು ಸಲ ಎತ್ತಿ ಮೂರು ನಿಮಿಷ ಕೂರುತ್ತಾನೆ. ಲಾರಿಯವ ಹಾರನ್ ಹೊಡೆಯುತ್ತಿದ್ದರೆ ಹಮಾಲಿ ಕೂರುವುದು ಎಲ್ಲಿ? ಜಿಮ್ಮಿನ ಹುಡುಗ ಭಾರ ಹೆಚ್ಚಾದರೆ ತಟ್ಟೆ ತೆಗೆಯುತ್ತಾನೆ. ಹಮಾಲಿಗೆ ಭಾರ ಗೊತ್ತು ಮಾಡುವವರು ಬೇರೆಯವರು. ಬೆನ್ನು ಹೋದ ದಿನ ಅವನ ಮನೆಯ ಒಲೆಯೂ ಆರುತ್ತದೆ.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಈ ಬಗ್ಗೆ ಒಪ್ಪಂದ ಮಾಡಿತು. ಜೊತೆಗೆ ಕೊಟ್ಟ ಶಿಫಾರಸಿನಲ್ಲಿ ಒಬ್ಬ ಗಂಡಾಳು ಹೊರುವ ಭಾರ 55 ಕಿಲೋಕ್ಕಿಂತ ಹೆಚ್ಚಿದ್ದರೆ ಬೇಗನೆ ಅಷ್ಟಕ್ಕೆ ಇಳಿಸಬೇಕು ಎಂದಿತು. ಆ ಒಪ್ಪಂದಕ್ಕೆ ಭಾರತ ಒಪ್ಪಿಗೆ ಹಾಕಿದ್ದು 2010ರಲ್ಲಿ. 43 ವರ್ಷ ಬೇಕಾಯಿತು! ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಂತೂ ಎಲ್ಲವೂ ಅನುಕೂಲವಾಗಿದ್ದಾಗಲೂ ಕೈಯಿಂದ ಎತ್ತಲು ಹೇಳಬಹುದಾದ ಮಿತಿ 23 ಕಿಲೋ. ನಮ್ಮ ಅಕ್ಕಿ ಗೋಣಿಯ ಅರ್ಧಕ್ಕೂ ಕಡಿಮೆ.

ಒಂದು ಹಲಗೆ ಸಾಕು

ಹಾಗಾದರೆ ಅಂಗಡಿಯವರು ಎಂತ ಮಾಡಬೇಕು? ಜಿಮ್ಮಿಗೆ ಹೋಗಿ ಒಮ್ಮೆ ಬಸ್ಕಿಯ ಚೌಕಟ್ಟು ನೋಡಲಿ. ಸರಳನ್ನು ಅಲ್ಲಿ ನೆಲದಲ್ಲಿ ಬಿಸಾಡುವುದಿಲ್ಲ. ಎದೆಯ ಎತ್ತರಕ್ಕೆ ಕೊಕ್ಕೆಯ ಮೇಲೆ ಇಡುತ್ತಾರೆ, ಹೊರುವವ ಅಡಿಗೆ ಹೋಗಿ ಹೆಗಲು ಕೊಟ್ಟರಾಯಿತು. ಇದೂ ಹೊಸ ಬುದ್ಧಿಯಲ್ಲ. ತಲೆಹೊರೆಯ ಕಾಲದಲ್ಲಿ ಕೇರಳ, ತಮಿಳುನಾಡಿನ ದಾರಿ ಬದಿಗಳಲ್ಲಿ ಎರಡು ಕಲ್ಲುಕಂಬ ನೆಟ್ಟು ಮೇಲೊಂದು ಅಡ್ಡಗಲ್ಲು ಇಡುತ್ತಿದ್ದರು. ಕೆಲವು ಕಡೆ ಇವತ್ತೂ ಕಾಣಬಹುದು. ತಲೆಯ ಹೊರೆಯನ್ನು ಬಾಗದೆ ಅದರ ಮೇಲೆ ಸರಿಸಿ ದಣಿವಾರಿಸಿಕೊಂಡು, ಬಾಗದೆ ಪುನಃ ತಲೆಗೇರಿಸಿಕೊಂಡು ಹೋಗುವುದು. ಆ ಕಲ್ಲು ನಿಲ್ಲಿಸಿದವರು ಹೊರುವವರಿಗೆ ಉಪದೇಶ ಮಾಡಲಿಲ್ಲ, ಭಾರದ ಎತ್ತರ ಬದಲಿಸಿದರು.

ಅಂಗಡಿಯೊಳಗೂ ಅಷ್ಟೇ ಬೇಕಾದದ್ದು. ಗೋಡೆ ಬದಿಗೆ ಸೊಂಟದ ಎತ್ತರಕ್ಕೆ ನಾಲ್ಕು ಕಾಲಿನ ಒಂದು ಗಟ್ಟಿ ಹಲಗೆ. ದಿನಾ ತೆರೆಯುವ ಗೋಣಿ ಅದರ ಮೇಲಿರಲಿ. ಎರಡು ಚಕ್ರದ ಒಂದು ಕೈಗಾಡಿ ಇರಲಿ. 50 ಕಿಲೋಕ್ಕೆ ಇಬ್ಬರು ಎನ್ನುವ ಪದ್ಧತಿ ಇರಲಿ. 25 ಕಿಲೋದ ಚೀಲ ಸಿಗುವಲ್ಲಿ ಅದನ್ನೇ ತರಿಸಲಿ. ಇಳಿಸುವ ಆಳಿಗೆ ಹತ್ತು ಗೋಣಿಗೊಮ್ಮೆ ಎರಡು ನಿಮಿಷ, ಒಂದು ಗ್ಲಾಸು ನೀರು. ಇಷ್ಟಕ್ಕೆ ಆಗುವ ಖರ್ಚು ಯಜಮಾನರ ಒಂದು ಸ್ಕ್ಯಾನಿಂಗಿನ ಬಿಲ್ಲಿಗಿಂತ ಕಡಿಮೆ.

ಇಂಥ ಬರಹಗಳ ಕೊನೆಗೆ "ಸಂಬಂಧಪಟ್ಟವರು ಗಮನ ಹರಿಸುವರೇ?" ಎಂದು ಕೇಳುವುದು ರೂಢಿ. ಇಲ್ಲಿ ಸಂಬಂಧಪಟ್ಟವರು ಬೆಂಗಳೂರಿನಲ್ಲೂ ಇಲ್ಲ, ಮಂಗಳೂರಿನಲ್ಲೂ ಇಲ್ಲ. ಗಲ್ಲೆಯ ಹಿಂದೆ ಕೂತಿದ್ದಾರೆ. ನಾಳೆ ಬೆಳಿಗ್ಗೆ ಲಾರಿ ಬರುವುದರೊಳಗೆ ಹಲಗೆ ಸಿದ್ಧವಾದರೆ ಸಾಕು.